ಚಂದ್ರಿಯ ಹೋರಿಗರು ಮತ್ತು ಎಂಟು ಕಿಲೋಬೈಟಿನ ಭಾಷೆ

ಮಳೆಗಾಲ ಮುಗಿಯುವಷ್ಟರಲ್ಲಿ ಕಾವಲಿನ ಅಷ್ಟೂ ದನಗಳ ವಂಶಾವಳಿಯನ್ನು ಕಂಪ್ಯೂಟರಿಗೆ ತುಂಬಿ ಮುಗಿಸಲು ಆಗುತ್ತದಾ ಅಂತ ಡಾಕ್ಟರು ಕೇಳಿದಾಗ, "ಅಷ್ಟೇ ತಾನೇ ಸಾರ್" ಅಂದುಬಿಟ್ಟೆ. ಎಲುಬಿಲ್ಲದ ನಾಲಿಗೆ. ಆಗ ನನಗೆ ಇಪ್ಪತ್ತಾರು ವರ್ಷ, ಮತ್ತು ನನಗೆ ತಿಳಿಯದ್ದು ಜಗತ್ತಿನಲ್ಲಿ ಹೆಚ್ಚೇನೂ ಉಳಿದಿಲ್ಲ ಅಂತ ನಂಬಿದ್ದೆ.

ಎಂಬತ್ತರ ದಶಕದ ನಡುವಿನ ಮಾತು. ಅಜ್ಜಂಪುರಕ್ಕೂ ಶಿವನಿ ಅನ್ನುವ ಊರಿಗೂ ನಡುವೆ ಒಂದು ಖಾಸಗಿ ಟ್ರಸ್ಟು ತನ್ನ ಕಾವಲಿನಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಅಮೃತಮಹಲ್ ತಳಿಯ ದನಗಳ ಒಂದು ಹಿಂಡನ್ನು ಸಾಕುತ್ತಿತ್ತು. ನಾನು ಅಲ್ಲಿ ಅಂಕಿಅಂಶ ಸಹಾಯಕಿ. ಹಿಂಡಿನ ಉಸ್ತುವಾರಿ ಪಶುವೈದ್ಯರದು, ಅವರನ್ನು ಎಲ್ಲರೂ ಡಾಕ್ಟರು ಅನ್ನುತ್ತಿದ್ದರು. ದನಗಳ ಜೊತೆ ದಿನವಿಡೀ ಇರುತ್ತಿದ್ದವನು ಒಬ್ಬ ಹಿರಿಯ ದನಗಾಹಿ. ಅವನನ್ನು ನಾನು ಅಜ್ಜ ಅನ್ನುತ್ತಿದ್ದೆ. ಅವನು ನನ್ನನ್ನು ಕಂಪ್ಯೂಟ್ರವ್ವ ಅನ್ನುತ್ತಿದ್ದ.

ಹಿಂಡು ಚಿಕ್ಕದು, ಹೊರಗಿನಿಂದ ಹೋರಿ ತರುತ್ತಿರಲಿಲ್ಲ. ಹೀಗಾಗಿ ಹತ್ತಿರದ ರಕ್ತ ಕೂಡಿ ತಳಿ ಕುಗ್ಗುತ್ತದೆ ಅನ್ನುವುದು ಡಾಕ್ಟರ ಭಯ. ಪ್ರತಿ ವರ್ಷ ಚಳಿಗಾಲದಲ್ಲಿ ಎರಡು ವರ್ಷ ತುಂಬಿದ ಹೋರಿಗರುಗಳನ್ನು ಆರಿಸಿ, ಒಂದೋ ಎರಡನ್ನೋ ತಳಿಗೆ ಉಳಿಸಿಕೊಂಡು ಮಿಕ್ಕವಕ್ಕೆ ಬೀಜ ಒಡೆಯುತ್ತಿದ್ದರು. ಯಾವುದನ್ನು ಉಳಿಸಬೇಕು ಅಂತ ತಿಳಿಯಲು ಅಪ್ಪ, ಅಮ್ಮ, ಅಜ್ಜ, ಅಜ್ಜಿಯರ ರೇಖೆ ಎಳೆದು ರಕ್ತಸಂಬಂಧದ ಅಂಕ ಲೆಕ್ಕ ಹಾಕಬೇಕು. ಕೈಯಲ್ಲಿ ಮಾಡಿದರೆ ಒಂದೊಂದು ಕರುವಿಗೆ ಎರಡು ಮೂರು ದಿನ ಹಿಡಿಯುತ್ತಿತ್ತು. ಅದಕ್ಕೇ ಕಂಪ್ಯೂಟರು.

ಆ ಸಲದ ಪಟ್ಟಿಯಲ್ಲಿ ಎಲ್ಲರ ಕಣ್ಣೂ ಒಂದೇ ಕರುವಿನ ಮೇಲಿತ್ತು. ಚಂದ್ರಿ ಅನ್ನುವ ಹಸುವಿಗೆ ಹನುಮ ಅನ್ನುವ ಹೋರಿಯಿಂದ ಹುಟ್ಟಿದ್ದು. ಹನುಮ ಹಿಂದಿನ ವರ್ಷ ಸತ್ತಿದ್ದ. ಚಂದ್ರಿಗೆ ವಯಸ್ಸಾಗಿ ಇನ್ನು ಗಬ್ಬ ನಿಲ್ಲುವಂತಿರಲಿಲ್ಲ. ಹಾಗಾಗಿ ಆ ಜೋಡಿಯಿಂದ ಇನ್ನೊಂದು ಹೋರಿ ಹುಟ್ಟುವುದಿಲ್ಲ. ಅಜ್ಜ ಆ ಕರುವನ್ನು ನೋಡುವಾಗ ಅದರ ಡುಬ್ಬದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ.

ಇನ್ನು ನಾನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿದ್ದ ಭಾಷೆಯ ವಿಷಯ. ಅದರ ಹೆಸರು ಫೋರ್ತ್. ಬೆಂಗಳೂರಿನಲ್ಲಿ ಅದನ್ನು ಹಚ್ಚಿಕೊಂಡ ಹತ್ತು ಮಂದಿಯ ಒಂದು ಬಳಗವಿತ್ತು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಒಬ್ಬ ಕಾಲೇಜು ಮೇಷ್ಟರ ಗ್ಯಾರೇಜಿನಲ್ಲಿ ಸೇರುತ್ತಿದ್ದೆವು. ಮೇಷ್ಟರಿಗೆ ಕಾರಿರಲಿಲ್ಲ, ಗ್ಯಾರೇಜಿತ್ತು. ಹೊರದೇಶದ ಬಳಗಗಳು ಹೊರಡಿಸುವ ಸಂಚಿಕೆಗಳು ಅವರಿಗೆ ಅಂಚೆಯಲ್ಲಿ ಬರುತ್ತಿದ್ದವು. ಅದರ ಜೆರಾಕ್ಸು, ಜೆರಾಕ್ಸಿನ ಜೆರಾಕ್ಸು ನಮ್ಮ ಕೈ ಸೇರುವಷ್ಟರಲ್ಲಿ ಅಂಚಿನ ಅಕ್ಷರಗಳು ಅಳಿಸಿಹೋಗಿರುತ್ತಿದ್ದವು. ಅದನ್ನೇ ಭಕ್ತಿಯಿಂದ ಓದುತ್ತಿದ್ದೆವು. ನನ್ನ ಕಂಪ್ಯೂಟರನ್ನು ಬೆಸುಗೆ ಹಾಕಿ ಕಟ್ಟಿಕೊಟ್ಟವರೂ ಅವರೇ. ಒಂದು ಬೋರ್ಡು, ಒಂದು ಹಳೇ ಟಿ.ವಿ., ಮಾಹಿತಿ ಉಳಿಸಲು ಕ್ಯಾಸೆಟ್ ರೆಕಾರ್ಡರು.

ಆ ಭಾಷೆ ಎಂಟೇ ಕಿಲೋಬೈಟಿನಲ್ಲಿ ಕೂರುತ್ತಿತ್ತು. ಅದರಲ್ಲಿ ಪ್ರೋಗ್ರಾಂ ಅಂದರೆ ಪದಗಳ ಒಂದು ನಿಘಂಟು. ನಾವು ಒಂದು ಹೊಸ ಪದಕ್ಕೆ ಅರ್ಥ ಹೇಳಿಕೊಟ್ಟರೆ ಅದು ನಿಘಂಟಿನ ಕೊನೆಗೆ ಸೇರುತ್ತದೆ, ಆಮೇಲೆ ಆ ಪದ ಬಳಸಿ ಇನ್ನೊಂದು ಪದ ಕಟ್ಟಬಹುದು. ಕೆಳಗಿನಿಂದ ಮೇಲಕ್ಕೆ ಎಲ್ಲವೂ ನಾವೇ ಕಟ್ಟಿದ್ದು, ಎಲ್ಲವೂ ನಮಗೇ ಅರ್ಥವಾಗುವಂಥದ್ದು. ಬಳಗದವರಿಗೆ ಇದು ಬರೀ ಭಾಷೆಯಲ್ಲ, ಬಾಳುವ ರೀತಿ. ಬೇಡದ್ದನ್ನು ಇಟ್ಟುಕೊಳ್ಳಬೇಡ. ನಿನಗೆ ತಿಳಿಯದ್ದನ್ನು ಬಳಸಬೇಡ. ಬರೆಯುವವನನ್ನು ನಂಬು. ಬೇಸಿಕ್ ಭಾಷೆಯಲ್ಲಿ ಬರೆಯುವವರನ್ನು ಕಂಡರೆ ನಾವು, ಪಾಪ, ಅನ್ನುತ್ತಿದ್ದೆವು.

ನಾನು ಪ್ರತಿ ದನವನ್ನೂ ಒಂದೊಂದು ಪದ ಮಾಡಿದೆ. ಚಂದ್ರಿ ಅಂತ ಟೈಪು ಮಾಡಿದರೆ ಚಂದ್ರಿಯ ಅಪ್ಪ, ಅಮ್ಮ, ಹುಟ್ಟಿದ ವರ್ಷ ಎದುರಿಗೆ ಬಂದು ನಿಲ್ಲಬೇಕು. ದನಕ್ಕೊಂದರಂತೆ ಇದ್ದ ಕಾರ್ಡುಗಳಲ್ಲಿ ಹೆಸರಿನ ಪಕ್ಕ ಕಿವಿಗೆ ಹಾಕುವ ನಂಬರೂ ಇತ್ತು. ಹೆಸರಿರುವಾಗ ನಂಬರು ಯಾಕೆ? ಬೇಡದ್ದು ಅಂತ ಬಿಟ್ಟೆ. ಇದನ್ನು ಬಳಗದಲ್ಲಿ ಹೇಳಿದಾಗ ಮೇಷ್ಟರು, "ಭೇಷ್ ಕಣ್ರೀ, ಇದು ಫೋರ್ತ್ ಅಂದ್ರೆ" ಅಂದರು. ಊರಿಗೆ ಬರುವ ರೈಲಿನಲ್ಲಿ, ಬೀರೂರಿನವರೆಗೂ ಆ ಭೇಷ್ ನನ್ನ ಕಿವಿಯಲ್ಲೇ ಇತ್ತು.

ಒಂದು ತೊಂದರೆಯಿತ್ತು. ನಿಘಂಟಿನಲ್ಲಿ ಮೊದಲೇ ಇದ್ದ ಹೆಸರನ್ನು ಮತ್ತೆ ಕೊಟ್ಟರೆ, ಈ ಹೆಸರು ಆಗಲೇ ಇದೆ ಅಂತ ಯಂತ್ರ ಒಂದು ಸಾಲು ಎಚ್ಚರಿಕೆ ತೋರಿಸುತ್ತಿತ್ತು. ನಾನು ದಿನಕ್ಕೆ ಇಪ್ಪತ್ತು ಸಲ ನನ್ನದೇ ಪದಗಳನ್ನು ತಿದ್ದಿ ತಿದ್ದಿ ಬರೆಯುತ್ತಿದ್ದರಿಂದ ಪರದೆಯ ತುಂಬ ಅದೇ ಗೊಣಗಾಟ. ಬಳಗದಲ್ಲಿ ಗಡಿಯಾರದ ಕಾರ್ಖಾನೆಯ ಒಬ್ಬರು ಅದರ ಬಾಯಿ ಮುಚ್ಚಿಸುವ ಉಪಾಯ ಹೇಳಿಕೊಟ್ಟರು. ಒಂದೇ ಒಂದು ಸಂಖ್ಯೆ ಬದಲಿಸಿದರೆ ಸಾಕು. "ಮಚ್ಚು ಹಿಡಿಯೋಕೆ ಬರೋನಿಗೆ ಮಚ್ಚಿನ ಮೇಲೆ ಹುಷಾರು ಅಂತ ಬರೆದಿಡಬೇಕೇನ್ರೀ?" ಅಂದರು. ನಾವೆಲ್ಲ ನಕ್ಕೆವು. ಆಮೇಲೆ ಅದನ್ನು ಮತ್ತೆ ಮಾತಾಡಲು ಬಿಡಬೇಕು ಅನ್ನುವುದು ನನ್ನ ತಲೆಗೇ ಬರಲಿಲ್ಲ.

ಕಾರ್ಡು ತುಂಬಲು ಮೂರು ತಿಂಗಳು ಹಿಡಿಯಿತು. ಅಜ್ಜಂಪುರದ ಕರೆಂಟು ನಮ್ಮ ಮನೆಯ ಅಳಿಯನ ಹಾಗೆ, ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಅಂತ ಕೇಳುವಂತಿರಲಿಲ್ಲ. ಹತ್ತು ಕಾರ್ಡಿಗೊಮ್ಮೆ ಕ್ಯಾಸೆಟ್ಟಿಗೆ ಇಳಿಸುತ್ತಿದ್ದೆ. ಇಳಿಸುವಾಗಲೇ ಕರೆಂಟು ಹೋದರೆ ಕ್ಯಾಸೆಟ್ಟೂ ಕೆಟ್ಟು ಮೊದಲಿನಿಂದ ಶುರು. ಎರಡು ಸಲ ಅತ್ತಿದ್ದೇನೆ. ಲೆಕ್ಕದ ಭಾಗ ಬೇರೆಯೇ ಕಷ್ಟ. ಆ ಭಾಷೆಯಲ್ಲಿ ದಶಮಾಂಶವಿಲ್ಲ, ಎಲ್ಲವನ್ನೂ ಸಾವಿರದಿಂದ ಗುಣಿಸಿ ಇಟ್ಟುಕೊಳ್ಳಬೇಕು. ಅಂಕ ನೂರಿಪ್ಪತ್ತು ದಾಟಿದ ಕರು ತಳಿಗೆ ಬೇಡ ಅಂತ ಡಾಕ್ಟರು ಗೆರೆ ಹಾಕಿಕೊಟ್ಟಿದ್ದರು.

ಮೊದಲ ಪಟ್ಟಿ ಅಚ್ಚಾಗಿ ಬಂದಾಗ ಚಂದ್ರಿಯ ಹೋರಿಗರುವಿನ ಮುಂದೆ ಇನ್ನೂರೈವತ್ತು ಅಂತಿತ್ತು. ಅಂದರೆ ಅಪ್ಪನಿಗೇ ಮಗಳಲ್ಲಿ ಹುಟ್ಟಿದ ಕರು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ.

ಮರುದಿನ ಬೆಳಿಗ್ಗೆ ಅಜ್ಜ ಕಚೇರಿಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಬರುವವನಲ್ಲ.

"ಚಂದ್ರಿ ಕರೂಗೆ ಯಾಕವ್ವ ಕೆಂಪು ಗೆರೆ ಎಳ್ದಿದೀಯ?"

"ಹತ್ತಿರದ ರಕ್ತ ಅಂತ ಬಂದಿದೆ ಅಜ್ಜ."

"ಎಲ್ಲಾನಾ ಉಂಟಾ? ನಾವು ಹಂಗೆಲ್ಲ ಆಗಕ್ಕೆ ಬಿಡ್ತೀವಾ?"

ನಾನು ಅಪ್ಪ ಯಾರು, ಅಮ್ಮ ಯಾರು ಅಂತ ಬಿಡಿಸಿ ಹೇಳಲು ಬಾಯಿ ತೆರೆದೆ. ಅವನು ತಲೆ ತಗ್ಗಿಸಿಬಿಟ್ಟ. ಮದುವೆಯಾಗದ ಹುಡುಗಿಯ ಬಾಯಲ್ಲಿ ಹೋರಿ ಹಾರಿಸಿದ ಮಾತು ಕೇಳುವುದೇ ಆ ತಲೆಮಾರಿನ ದನಗಾಹಿಗಳಿಗೆ ನಾಚಿಕೆ. ಅಂಥದ್ದೇನಿದ್ದರೂ ಡಾಕ್ಟರ ಹತ್ತಿರ. ನಾನೂ ಸಂಕೋಚಪಟ್ಟು ನಿಲ್ಲಿಸಿದೆ. ಆ ಒಂದು ನಿಮಿಷ ಇಬ್ಬರೂ ನಾಚಿಕೆ ಬಿಟ್ಟು ಮಾತಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅವನು ಹೊರಟವನು ತಿರುಗಿ ನಿಂತು ಇನ್ನೊಂದು ಕೇಳಿದ. "ಆ ವರ್ಸ ನಾನು ಜ್ವರ ಬಂದು ಹದಿನೈದು ದಿವ್ಸ ಮಲಗಿದ್ದೆ ಕಣವ್ವ. ಆವಾಗ ಹಿಂಡ್ನಾಗೆ ಏನಾರ ಆಗಿದ್ರೂ ಈ ಮಿಶಿನ್ಗೆ ಗೊತ್ತಾಯ್ತದಾ?"

ನಾನು ಕ್ಯಾಸೆಟ್ಟು ಸುತ್ತುತ್ತಿದ್ದೆ. "ಎಲ್ಲಾ ಗೊತ್ತಾಗುತ್ತೆ ಅಜ್ಜ" ಅಂದೆ. ತಲೆ ಎತ್ತಿಯೂ ನೋಡಲಿಲ್ಲ.

ಡಾಕ್ಟರಿಗೆ ಸಮಾಧಾನವಿರಲಿಲ್ಲ. "ನೋಡಮ್ಮ, ಮಂಗಳವಾರ ಬೀಜ ಒಡೆಯೋದು ಅಂತ ಗೊತ್ತು ಮಾಡಿದೀನಿ. ಅಷ್ಟರಲ್ಲಿ ಇನ್ನೊಂದು ಸಲ ನೋಡು" ಅಂದರು. ನೋಡಿದೆ. ಯಂತ್ರದಿಂದಲೇ ಚಂದ್ರಿಯ ವಂಶಾವಳಿ ತೆಗೆಸಿ, ಅದನ್ನು ಕಾಗದದ ಮೇಲಿಟ್ಟು ಕೈಯಲ್ಲೇ ಲೆಕ್ಕ ಹಾಕಿದೆ. ಇನ್ನೂರೈವತ್ತೇ ಬಂತು. ಓತಿಕ್ಯಾತನಿಗೆ ಬೇಲಿ ಸಾಕ್ಷಿ ಅನ್ನುತ್ತಾರಲ್ಲ, ಅದು ಇದೇ. ಆದರೆ ಆಗ ನನಗೆ ಹಾಗನ್ನಿಸಲಿಲ್ಲ.

ಭಾನುವಾರ ಬೆಂಗಳೂರಿಗೆ ಹೋದೆ. ಗ್ಯಾರೇಜಿನ ಕರಿಹಲಗೆಯ ಮೇಲೆ ನನ್ನ ಹನ್ನೊಂದು ಸಾಲಿನ ಲೆಕ್ಕದ ಪದ ಬರೆದು, ಇದರಲ್ಲಿ ತಪ್ಪಿದೆಯಾ ನೋಡಿ, ಒಂದು ಕರುವಿನ ಪ್ರಶ್ನೆ, ಅಂದೆ. ತನ್ನನ್ನು ತಾನೇ ಕರೆದುಕೊಂಡು ಹಿಂದಿನ ತಲೆಮಾರಿಗೆ ಇಳಿಯುವ ಪದ ಅದು. ಎಲ್ಲರ ಮುಖವೂ ಬೆಳಗಿತು. ಒಂದೊಂದು ಸಾಲನ್ನೂ ಪರೀಕ್ಷೆ ಮಾಡಿದರು. ತಪ್ಪಿಲ್ಲ ಅಂದರು. ಆಮೇಲೆ ಅದನ್ನು ಚಿಕ್ಕದು ಮಾಡುವುದಕ್ಕೆ ಕೂತರು. ಹನ್ನೊಂದು ಏಳಾಯಿತು, ಏಳು ಐದಾಯಿತು, ಊಟದ ಹೊತ್ತಿಗೆ ನಾಲ್ಕಾಯಿತು. ಟೆಲಿಫೋನ್ ಇಲಾಖೆಯ ಇಂಜಿನಿಯರೊಬ್ಬರು ಕೊನೆಯ ಸಾಲು ಅಳಿಸಿದಾಗ ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ. ದನಗಳಿಗೆ ಹೆಸರಿಡುವವರು ಯಾರು, ಹೇಗೆ ಇಡುತ್ತಾರೆ ಅಂತ ಆ ಹತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಬೇಕಾಗಿದ್ದವಳು ನಾನು. ಅವರು ನೋಡಿದ್ದು ನಾನು ತೋರಿಸಿದ್ದನ್ನು.

ಸೋಮವಾರ ಡಾಕ್ಟರು ನೇರವಾಗಿ ಕೇಳಿದರು. "ಈ ಒಂದು ಕರೂನ ಮುಂದಿನ ವರ್ಷಕ್ಕೆ ತಳ್ಳಬಹುದು. ಆದರೆ ಹಿಂಡಿನ ಜೊತೆ ಬಿಟ್ಟರೆ ಅಷ್ಟರಲ್ಲಿ ಅದು ಹಸು ಹಾರುತ್ತೆ. ನಿನಗೆ ಅನುಮಾನ ಇದ್ದರೆ ಹೇಳು, ಬೇರೆ ಕಟ್ಟಿಸ್ತೀನಿ."

"ಅನುಮಾನ ಇಲ್ಲ ಸಾರ್" ಅಂದೆ. ಅವರು ಪಟ್ಟಿಗೆ ಸಹಿ ಹಾಕಿದರು.

ಮಂಗಳವಾರ ಬೆಳಿಗ್ಗೆ ಅವರೆಲ್ಲ ಕಾವಲಿಗೆ ಹೋದರು. ನಾನು ಕಚೇರಿಯಲ್ಲಿ ಹೊಸದಾಗಿ ಹುಟ್ಟಿದ ಕರುಗಳನ್ನು ತುಂಬಲು ಕೂತೆ. ಹಳೆಯ ದನಗಳಿಗೆ ಕಾರ್ಡು, ಹೊಸ ಕರುಗಳಿಗೆ ರಿಜಿಸ್ಟರಿನ ಪುಟ. ಮೊದಲ ಸಾಲೇ ಹೀಗಿತ್ತು: ತಾಯಿ ಸೀಬಿ, ಹೆಣ್ಣುಗರು, ಹೆಸರು ಸೀಬಿ.

ಗುಮಾಸ್ತರು ತಪ್ಪಿ ಎರಡು ಸಲ ಬರೆದಿದ್ದಾರೆ ಅಂದುಕೊಂಡು ಪಕ್ಕದ ಮೇಜಿಗೆ ಹೋಗಿ ಕೇಳಿದೆ.

"ತಪ್ಪಲ್ಲಮ್ಮ. ತಾಯಿಗೆ ವಯಸ್ಸಾದಾಗ ಹುಟ್ಟೋ ಹೆಣ್ಣುಗರೂಗೆ ಅದರ ಹೆಸರೇ ಇಡೋದು ಇವರು. ಹೆಸರು ಹಿಂಡು ಬಿಟ್ಟು ಹೋಗಬಾರದು ಅಂತ. ಅದಕ್ಕೇ ಅಲ್ವಾ ಕಿವಿ ನಂಬರ್ ಹಾಕೋದು?"

ಕಾರ್ಡಿನ ಪೆಟ್ಟಿಗೆ ಎಳೆದು ಕೂತೆ. ಎರಡು ಚಂದ್ರಿ ಇದ್ದವು. ತಾಯಿ ಒಂದು, ಮಗಳು ಒಂದು. ಮಗಳ ಅಪ್ಪ ಹನುಮ. ನಾನು ತಾಯಿಯ ಕಾರ್ಡನ್ನು ಮೊದಲ ತಿಂಗಳಲ್ಲಿ ತುಂಬಿದ್ದೆ, ಮಗಳದನ್ನು ಎರಡನೇ ತಿಂಗಳಲ್ಲಿ. ಒಂದೇ ಹೆಸರು ಎರಡನೇ ಸಲ ಬಂದಾಗ ಆ ಭಾಷೆ ಮೊದಲನೆಯದನ್ನು ಅಳಿಸುವುದಿಲ್ಲ, ಮರೆ ಮಾಡುತ್ತದೆ. ಹುಡುಕುವಾಗ ಕೊನೆಯಿಂದ ಹಿಂದಕ್ಕೆ ಬರುತ್ತದೆ, ಮೊದಲು ಸಿಕ್ಕಿದ್ದನ್ನು ಹಿಡಿದುಕೊಂಡು ನಿಲ್ಲುತ್ತದೆ. ಕರುವಿನ ಕಾರ್ಡಿನಲ್ಲಿ ತಾಯಿ ಚಂದ್ರಿ ಅಂತ ತುಂಬಿದಾಗ ಅದು ಮಗಳನ್ನು ಹಿಡಿದಿತ್ತು. ಅಕ್ಕನನ್ನು ತಾಯಿ ಮಾಡಿ, ಅಪ್ಪ ಮಗಳ ಕೂಡಿಕೆ ಅಂತ ಲೆಕ್ಕ ಒಪ್ಪಿಸಿತ್ತು. ಈ ಹೆಸರು ಆಗಲೇ ಇದೆ ಅಂತ ಹೇಳಲು ಅದಕ್ಕೆ ಬಾಯಿರಲಿಲ್ಲ. ನಾನೇ ಮುಚ್ಚಿಸಿದ್ದೆ.

ಗುಮಾಸ್ತರ ಸೈಕಲ್ ತೆಗೆದುಕೊಂಡು ಹೊರಟೆ. ಮೂರು ಮೈಲಿ. ಸೀರೆ ಚೈನಿಗೆ ಸಿಕ್ಕಿ ಒಮ್ಮೆ ಬಿದ್ದೆ. ಕಾವಲಿನ ಬೇಲಿ ದಾಟುವಾಗಲೇ ದೂರದಲ್ಲಿ ಡಾಕ್ಟರು ಬಕೆಟ್ಟಿನಲ್ಲಿ ಕೈ ತೊಳೆಯುತ್ತಿರುವುದು ಕಂಡಿತು. ಚಂದ್ರಿಯ ಕರುವನ್ನು ಮೊದಲು ಮುಗಿಸೋಣ ಅಂತ ಅಜ್ಜನೇ ಹೇಳಿದನಂತೆ, ಕಾದು ನಿಲ್ಲಲು ಆಗುವುದಿಲ್ಲ ಅಂತ. ತಲೆ ಹಿಡಿದುಕೊಂಡವನೂ ಅವನೇ.

ಇಕ್ಕಳದಲ್ಲಿ ಮಾಡುವ ಕೆಲಸದಲ್ಲಿ ರಕ್ತ ಬರುವುದಿಲ್ಲ. ಒಳಗಿನ ನರ ಜಜ್ಜಿದರೆ ಮುಗಿಯಿತು. ಕರು ಎದ್ದು, ಮೈ ಕೊಡವಿ, ಹತ್ತು ಹೆಜ್ಜೆ ನಡೆದು ಹುಲ್ಲಿಗೆ ಬಾಯಿ ಹಾಕಿತ್ತು. ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸಬೇಕು. ನಾನು ಸೈಕಲ್ ಹಿಡಿದುಕೊಂಡು ನಿಂತೇ ಇದ್ದೆ. ಓಡಿ ಬಂದವಳಿಗೆ ಮಾಡಲು ಏನೂ ಇರಲಿಲ್ಲ. ಅಷ್ಟು ನಿರುಪಯೋಗಿಯಾಗಿ ನಾನು ಎಲ್ಲೂ ನಿಂತಿದ್ದಿಲ್ಲ.

ಡಾಕ್ಟರಿಗೆ ಅಲ್ಲೇ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮಿಕ್ಕ ಕರುಗಳನ್ನೆಲ್ಲ ಕೊಟ್ಟಿಗೆಗೆ ಹೊಡೆಸಿದರು. "ಸಹಿ ಹಾಕಿದ್ದು ನಾನು. ಕಾರ್ಡು ನನ್ನ ಕಪಾಟಿನಲ್ಲೇ ಇತ್ತು" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಅಜ್ಜನಿಗೆ ಹೇಳಲು ಮಾತ್ರ ಎರಡು ದಿನ ಬೇಕಾಯಿತು. ಅವನ ಗುಡಿಸಲಿನ ಮುಂದೆ ಹೋಗಿ ಕೂತು, ನಾಚಿಕೆ ಗೀಚಿಕೆ ಎಲ್ಲ ಬಿಟ್ಟು, ಅಪ್ಪ ಹನುಮ, ತಾಯಿ ದೊಡ್ಡ ಚಂದ್ರಿ, ಮಿಶಿನ್ನಿಗೆ ಚಿಕ್ಕ ಚಂದ್ರಿ ಅಂತ ತಪ್ಪು ಕಲಿಸಿದ್ದು ನಾನು, ಅಂತ ಬಿಡಿಸಿ ಬಿಡಿಸಿ ಹೇಳಿದೆ. ಕರುವಿಗಾಗಿ ಅವನು ಅಳುತ್ತಾನೆ, ಇಲ್ಲವೇ ಎದ್ದು ಹೋಗುತ್ತಾನೆ ಅಂತ ಕಾದೆ.

ಅವನು ಕೇಳಿದ್ದೇ ಬೇರೆ. "ಹಂಗಾರೆ ಅಪ್ಪ ಹನುಮನೇಯಾ?"

"ಹೌದಜ್ಜ. ಅದರಲ್ಲಿ ಯಾವತ್ತೂ ಅನುಮಾನ ಇರಲಿಲ್ಲ."

"ಹಂಗಾರೆ ನಮ್ಮ ಅಳಿಯಂದು ಏನೂ ತಪ್ಪಿಲ್ವಾ?"

"ಯಾವ ಅಳಿಯ? ಏನು ತಪ್ಪು?"

ಆಗ ತಿಳಿಯಿತು. ಚಂದ್ರಿ ಈ ಕರುವಿಗೆ ಗಬ್ಬವಾದ ವರ್ಷ ಅವನು ಜ್ವರದಲ್ಲಿ ಮಲಗಿದ್ದ ಹದಿನೈದು ದಿನ ಹಿಂಡು ಕಾದವನು ಅವನ ಅಳಿಯ. ಹತ್ತಿರದ ರಕ್ತ ಅಂತ ನಾನು ಹೇಳಿದ್ದನ್ನು ಅಜ್ಜ ಹೀಗೆ ತಿಳಿದುಕೊಂಡಿದ್ದ: ಆ ದಿನಗಳಲ್ಲಿ ಅಳಿಯ ಮೈಮರೆತಿದ್ದಾನೆ, ಚಂದ್ರಿಯ ಸ್ವಂತ ಮಗನೇ, ಯಾವುದೋ ಹಿಂದಿನ ಸೂಲಿನ ಹೋರಿ, ಅವಳನ್ನು ಹಾರಿದೆ, ಅದು ಮಿಶಿನ್ನಿಗೆ ಗೊತ್ತಾಗಿದೆ. ಎಲ್ಲಾ ಗೊತ್ತಾಗುತ್ತೆ ಅಂತ ನಾನೇ ಹೇಳಿದ್ದೆನಲ್ಲ. ಕಾವಲು ಕಾಯುವವರಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿಲ್ಲ. ನಾನು ಬೆಂಗಳೂರಿನ ಗ್ಯಾರೇಜಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದ ಭಾನುವಾರವೇ ಅಜ್ಜ ನಾಲ್ಕು ಜನರ ಮುಂದೆ, ಇನ್ನು ನೀನು ಹಿಂಡು ಕಾಯಬೇಡ ಅಂತ ಅಳಿಯನ ಕೈಯಿಂದ ಕೋಲು ಕಿತ್ತುಕೊಂಡಿದ್ದ. ಅಳಿಯ, ನಾನು ಹಂಗೆ ಮಾಡಿಲ್ಲ ಮಾವ, ಅಂತ ಎರಡೇ ಸಲ ಹೇಳಿ, ಹೆಂಡತಿಯನ್ನು ಕರೆದುಕೊಂಡು ಎಮ್ಮೆದೊಡ್ಡಿಯ ಕಡೆ ಅಣ್ಣನ ಮನೆಗೆ ಹೋಗಿದ್ದ.

ಅಜ್ಜ ಎದ್ದು ಪಂಚೆ ಕೊಡವಿಕೊಂಡ. ಅವನ ಮುಖದಲ್ಲಿ ಸಂತೋಷವಿತ್ತು. ಕರು ಹೋದದ್ದು ಅವನಿಗೆ ಆ ಹೊತ್ತಿಗೆ ನೆನಪೇ ಇರಲಿಲ್ಲ. "ಕಡೂರ್ ಬಸ್ಸಿಗೆ ಹೋಯ್ತೀನಿ ಕಣವ್ವ. ಕರ್ಕೊಂಡೇ ಬತ್ತೀನಿ" ಅಂದ. ನಾನೂ ಬರಲಾ ಅಂದರೆ ಬೇಡ ಅಂದ.

ಅವನು ಹೋದ ಮೇಲೆ ಆದದ್ದನ್ನೆಲ್ಲ ಬರೆದು ಮೇಷ್ಟರಿಗೆ ಅಂಚೆಗೆ ಹಾಕಿದೆ. ನಮ್ಮ ಬಳಗವೂ ಆಗ ಒಂದು ಚಿಕ್ಕ ಸಂಚಿಕೆ ಹೊರಡಿಸುತ್ತಿತ್ತು. ಏಳು ಪುಟ ಬರೆದಿದ್ದೆ, ಅವರು ನಾಲ್ಕು ಸಾಲು ಹಾಕಿದರು: ಒಂದೇ ಹೆಸರಿನ ಎರಡು ಪದಗಳು ಬಂದಾಗ ಹೀಗೆ ಮಾಡಿ, ಜೊತೆಗೊಂದು ನಂಬರು ಇಡಿ. ಕರುವೂ ಇಲ್ಲ, ಅಳಿಯನೂ ಇಲ್ಲ. ಮೇಷ್ಟರು ಜೊತೆಗೊಂದು ಕಾಗದ ಇಟ್ಟಿದ್ದರು, ತುಂಬ ಉಪಯುಕ್ತ ಸಲಹೆ, ಜಾಗವಿಲ್ಲದ್ದರಿಂದ ಮಿಕ್ಕದ್ದು ಬಿಟ್ಟಿದ್ದೇವೆ ಅಂತ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬೇಡದ್ದನ್ನು ಬಿಡುವುದನ್ನು ನಾನೂ ಅವರ ಜೊತೆಯಲ್ಲೇ ಕಲಿತವಳು.

ಅಜ್ಜ ಬಂದದ್ದು ನಾಲ್ಕನೇ ದಿನ, ಒಬ್ಬನೇ. ಅಂದು ಕಚೇರಿಯ ಒಳಗೇ ಬಂದು, ಯಂತ್ರದ ಎದುರಿನ ಸ್ಟೂಲಿನ ಮೇಲೆ ಕೂತ. ನಾನು ನೀರು ಕೊಟ್ಟೆ.

"ಬರಲಿಲ್ವಾ ಅಜ್ಜ?"

"ಇಲ್ಲವ್ವ."

"ತಪ್ಪು ಮಿಶಿನ್ನಿಂದು ಅಂತ ಹೇಳಿದ್ರಾ?"

"ಹೇಳ್ದೆ. ಮಿಶಿನ್ನು ಈಗ ನಿಂದೇನೂ ತಪ್ಪಿಲ್ಲ ಅಂತದೆ ಕಣಪ್ಪಾ, ಬಾ, ಅಂದೆ." ಅವನು ಲೋಟ ಕೆಳಗಿಟ್ಟ. "ಮಿಶಿನ್ ಹೇಳ್ತು ಅಂತ ಕೋಲು ಕಿತ್ಕಂಡ್ರಿ, ಈಗ ಮಿಶಿನ್ ಹೇಳ್ತು ಅಂತ ಕೋಲು ಕೊಡಕ್ಕೆ ಬಂದಿದೀರಾ, ನಾನು ಹೇಳಿದ್ದು ಯಾವತ್ತು ಕೇಳ್ತೀರಾ ಮಾವ, ಅಂದ."

ಆಮೇಲೆ ನನ್ನ ಮುಖ ನೋಡಿದ. "ನಾನೇನನ್ಬೇಕಿತ್ತು ಹೇಳವ್ವ. ನೀನು ಓದಿದೋಳು."

ಗೊತ್ತಿಲ್ಲ ಅಜ್ಜ, ಅಂದೆ.